ಎಡಗಡೆ ಸೀಟಿನ ಸರ್ಟಿಫಿಕೇಟು

ನಾನು ಓಡಿಸದ ಗಾಡಿ ಇಲ್ಲ, ಹತ್ತದ ಬೆಟ್ಟ ಇಲ್ಲ. ಎಲ್ಲವನ್ನೂ ಮಧ್ಯಾಹ್ನ ಎರಡರಿಂದ ಮೂರರ ಒಳಗೇ ಮುಗಿಸಿದ್ದೇನೆ. ಅದಕ್ಕೆ ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ. ಊಟ ಸ್ವಲ್ಪ ಗಟ್ಟಿಯಾಗಿ ಬಿದ್ದಿದ್ದರೆ ಸಾಕು.

ನನ್ನ ಕಸುಬು ಗಾಡಿಗಳಿಗೆ ಸೀಟ್ ಕವರ್ ಹೊಲಿಯುವುದು. ಗ್ಯಾರೇಜುಗಳ ಸಾಲಿನ ಹಿಂದೆ, ಒಂದು ಗಾಡಿ ನಿಂತರೆ ಇನ್ನೊಂದಕ್ಕೆ ಜಾಗವಿಲ್ಲದ ತಗಡಿನ ಶೆಡ್ಡು ನನ್ನದು. ಒಂದು ಹೊಲಿಗೆ ಮೆಷಿನ್, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಒಂದು ಮೂಟೆ ಸ್ಪಂಜು, ಇಷ್ಟೇ ಆಸ್ತಿ. ಕವರ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಬೇಕಾದರೆ ನಾನೇ ಅದರ ಮೇಲೆ ಕೂರಬೇಕು. ಕೂತರೆ ಸ್ಟೀರಿಂಗ್ ಎದುರಿಗೆ ಬರುತ್ತದೆ. ಎದುರಿಗೆ ಬಂದ ಸ್ಟೀರಿಂಗ್ ಮೇಲೆ ಕೈ ಇಡದೆ ಇರಲು ನಾನೇನು ಋಷಿಯೇ? ಕೈ ಇಟ್ಟೆ ಅಂದರೆ ಮುಗಿಯಿತು, ಕಣ್ಣು ಎಳೆಯುತ್ತದೆ. ತಗಡಿನ ತೂತುಗಳಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಮುಂದಿನ ಗಾಜಿನ ಮೇಲೆ ನಿಧಾನವಾಗಿ ಹರಿಯುತ್ತವೆ. ಗಾಡಿ ಸದ್ದಿಲ್ಲದೆ ಹೊರಡುತ್ತದೆ.

ಬೀದಿ ದಾಟುತ್ತದೆ, ಊರು ದಾಟುತ್ತದೆ. ತಿರುವು ಬಂದಾಗ ಸ್ಟೀರಿಂಗನ್ನು ಸ್ವಲ್ಪ ಎದೆಗೆ ಎಳೆದುಕೊಳ್ಳುತ್ತೇನೆ. ಗಾಡಿ ಹಗುರವಾಗಿ ಮೇಲೆದ್ದು, ತಿರುವಿನ ಮೇಲಿಂದ ಹಾದು, ಆಚೆ ಇಳಿಯುತ್ತದೆ. ಕೆಳಗೆ ಮರಗಳ ನೆತ್ತಿ ಕಾಣುತ್ತದೆ. ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಸೀರೆ ಕಾಣುತ್ತದೆ. ಪಕ್ಕದ ಸೀಟಿನಲ್ಲಿ ಕೂತ ನನ್ನ ಹೆಂಡತಿ, "ಎಷ್ಟು ಚೆನ್ನಾಗಿ ಓಡಿಸ್ತೀರಿ ರೀ" ಅನ್ನುತ್ತಾಳೆ. ಅಲ್ಲಿಗೆ ಇದು ಕನಸು ಅಂತ ಗೊತ್ತಾಗಿ ಎಚ್ಚರವಾಗುತ್ತದೆ.

ನಿಜದಲ್ಲಿ ನನಗೆ ಸೈಕಲ್ ಬಿಟ್ಟು ಬೇರೆ ಏನೂ ಬರುವುದಿಲ್ಲ. ಈ ಸಂಗತಿ ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತು ಅಂತ ತಿಳಿದಿದ್ದೆ.

ಹಾಗಂತ ನಾನು ತೀರ ದಡ್ಡನೂ ಅಲ್ಲ. ಗಾಡಿ ಓಡಿಸಲು ಬಾರದಿದ್ದರೂ ಸೀಟು ಓದಲು ಬರುತ್ತದೆ. ಡ್ರೈವರ್ ಸೀಟನ್ನು ನಾನು ನಂಬುವುದಿಲ್ಲ, ಅದು ಯಜಮಾನನ ಪರವಾಗಿಯೇ ಮಾತಾಡುತ್ತದೆ. ಗಾಡಿ ಹೇಗೆ ಓಡಿದೆ ಅಂತ ತಿಳಿಯಬೇಕಾದರೆ ಪಕ್ಕದವರು ಕೂರುವ ಎಡಗಡೆ ಸೀಟು ನೋಡಬೇಕು. ಅಂಚಿನಲ್ಲಿ ಉಗುರಿನ ಗುರುತು ಇದೆಯೇ? ಕಾಲಡಿಯ ಮ್ಯಾಟು, ಅಲ್ಲಿಲ್ಲದ ಬ್ರೇಕನ್ನು ಒತ್ತಿ ಒತ್ತಿ ಸವೆದಿದೆಯೇ? ಒಂದು ಸಲ ಒಬ್ಬ ಮುದುಕ ಟ್ಯಾಕ್ಸಿಯವನು ಬಂದಿದ್ದ. ಅವನ ಎಡಗಡೆ ಸೀಟಿನ ತಲೆದಿಂಬಿನ ಮೇಲೆ ದುಂಡಗೆ, ನುಣುಪಾಗಿ, ತಲೆ ಎಣ್ಣೆಯ ಒಂದು ಕಲೆ ಇತ್ತು. ಮೂವತ್ತು ವರ್ಷ ಕೂತವರೆಲ್ಲ ಅಲ್ಲಿ ತಲೆ ಇಟ್ಟು ನಿದ್ದೆ ಮಾಡಿದ್ದರು. ಆ ಕಲೆಗೆ ಕೈ ಮುಗಿಯಬೇಕು ಅನ್ನಿಸಿತ್ತು ನನಗೆ.

ಎಡವಟ್ಟು ಶುರುವಾದದ್ದು ಎದುರುಮನೆಯ ರಿಟೈರ್ಡ್ ಪೋಸ್ಟ್ ಮಾಸ್ಟರಿಂದ. ನಲವತ್ತು ವರ್ಷ ಕಾಗದ ಹಂಚಿಸಿದ ಮನುಷ್ಯ, ಈಗ ಹಂಚಲು ಕಾಗದವಿಲ್ಲದೆ ಸುದ್ದಿ ಹಂಚುತ್ತಾರೆ. ಒಂದು ಮಧ್ಯಾಹ್ನ ನಾನು ಯಾರದೋ ದೊಡ್ಡ ಜೀಪಿನ ಸ್ಟೀರಿಂಗ್ ಹಿಡಿದು ತೂಕಡಿಸುತ್ತಿದ್ದಾಗ ಅವರು ಬಂದು ಗಾಜು ತಟ್ಟಿದರು.

"ಏನಪ್ಪಾ, ಎಲ್ಲಿಂದ ಬಂದ ಹಾಗಾಯ್ತು?"

ನಾನು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಬೆಟ್ಟದಿಂದ" ಅಂದುಬಿಟ್ಟೆ. "ಇಳಿಜಾರು ವಿಪರೀತ ಇತ್ತು. ಆದ್ರೂ ಬ್ರೇಕ್ ಮುಟ್ಟಲಿಲ್ಲ."

ಎಚ್ಚರ ಪೂರ್ತಿಯಾದಾಗ ಅವರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಆಗಲೇ ನಕ್ಕು ನಿಜ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನನ್ನು ಯಾರಾದರೂ ಬಾಯಿ ತೆರೆದು ನೋಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಸುಮ್ಮನೆ ಟವಲಿನಿಂದ ಮುಖ ಒರೆಸಿಕೊಂಡೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಬೀದಿಯವರು. ವಾರದೊಳಗೆ ನಾನು ಗುಟ್ಟಾಗಿ ಬೆಟ್ಟಗುಡ್ಡಗಳಲ್ಲಿ ಗಾಡಿ ಪರೀಕ್ಷೆ ಮಾಡುವವನು ಅಂತಾಯಿತು. ತಿಂಗಳೊಳಗೆ, ಕಂಪನಿಯವರೇ ನನ್ನನ್ನು ಕೇಳಿ ಗಾಡಿ ತಯಾರಿಸುತ್ತಾರೆ ಅಂತಾಯಿತು. "ನೀವ್ಯಾಕೆ ಇಲ್ಲ ಅನ್ನಲ್ಲ?" ಅಂತ ಹೆಂಡತಿ ಕೇಳಿದಳು. "ನಾನು ಹೌದು ಅಂತಲೂ ಅಂದಿಲ್ಲವಲ್ಲ" ಅಂದೆ. ಅವಳು ಬುತ್ತಿ ಡಬ್ಬಿ ಮುಚ್ಚುತ್ತಾ, "ನೋಡೋಣ, ಎಲ್ಲಿಗೆ ಹೋಗಿ ನಿಲ್ಲುತ್ತೋ" ಅಂದಳು. ಅದು ಬಂದು ನಿಂತದ್ದು ನನ್ನ ಶೆಡ್ಡಿನ ಬಾಗಿಲಿಗೇ.

ಬುಧವಾರ ಬೆಳಿಗ್ಗೆ ಶೆಡ್ಡಿನೊಳಗೆ ಇದ್ದಕ್ಕಿದ್ದಂತೆ ಕತ್ತಲಾಯಿತು. ತಲೆ ಎತ್ತಿದರೆ ಬಾಗಿಲು ತುಂಬ ಒಂದು ಕಪ್ಪು ಗಾಡಿ. ಗಾಲಿಗಳು ನನ್ನ ಎದೆ ಮಟ್ಟ. ಹೊಟ್ಟೆಯ ಕೆಳಗೆ ಒಂದು ಕರು ನುಸುಳಬಹುದು. ಎರಡು ದೀಪಗಳು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದವು. ಅದರಿಂದ ನಮ್ಮ ಬಾವ ಕೆಳಗೆ ಹಾರಿದರು, ಹಿಂದೆಯೇ ನಮ್ಮಕ್ಕ ಎರಡು ಕೈಯಲ್ಲೂ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಹಿಡಿದುಕೊಂಡು ಇಳಿದಳು, ಸ್ಟೀರಿಂಗ್ ಹಿಂದಿನಿಂದ ಅವರ ಒಬ್ಬನೇ ಮಗ ಕಡ್ಡಿ ಇಳಿದ. ಇಪ್ಪತ್ತು ವರ್ಷದ ಹುಡುಗ. ಪಕ್ಕಕ್ಕೆ ತಿರುಗಿ ನಿಂತರೆ ಕಾಣುವುದಿಲ್ಲ, ಅದಕ್ಕೇ ಆ ಹೆಸರು. ಲೈಸೆನ್ಸ್ ಬಂದು ಆರು ವಾರ ಆಗಿತ್ತು. ಅದನ್ನೂ ಕಲಿತದ್ದು ಡ್ರೈವಿಂಗ್ ಸ್ಕೂಲಿನ ಬೆಂಕಿಪೊಟ್ಟಣದಂಥ ಕಾರಿನಲ್ಲಿ.

ಬಾವ ಪ್ರಿಂಟಿಂಗ್ ಪ್ರೆಸ್ಸಿನವರು. ಮನೆಯಿಂದ ಪ್ರೆಸ್ಸಿಗೆ ನಾನೂರು ಹೆಜ್ಜೆ. ಆ ನಾನೂರು ಹೆಜ್ಜೆಗೆ ನಾಲ್ಕೂ ಗಾಲಿಗೆ ಶಕ್ತಿ ಇರುವ, ಬಂಡೆ ಹತ್ತುವ, ಹೊಳೆ ದಾಟುವ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತಂದಿದ್ದರು.

"ಹೇಗಿದೆ?" ಅಂದರು.

"ಕೋಣ ಇದ್ದ ಹಾಗಿದೆ" ಅಂದೆ.

ಅವರಿಗೆ ಹೆಮ್ಮೆಯಾಯಿತು. ಕೋಣದ ಮೇಲೆ ಕೂತು ಬರುವವನು ಯಾರು ಅಂತ ಅವರಿಗೆ ಆ ಹೊತ್ತಿಗೆ ನೆನಪಾಗಲಿಲ್ಲ. ಅಕ್ಕನಿಗೆ ಆಯಿತು. "ಥೂ, ಬಿಡ್ತು ಅನ್ನು" ಅಂದಳು.

ವಿಷಯ ಹೀಗಿತ್ತು. ಭಾನುವಾರ ಕಡ್ಡಿಯ ಸ್ನೇಹಿತರೆಲ್ಲ ಇಂಥ ಗಾಡಿಗಳಲ್ಲಿ ಬೆಟ್ಟದ ಕಲ್ಲುದಾರಿ ಹತ್ತುತ್ತಾರೆ. ಇವನೂ ಹೋಗಬೇಕು. ಅಕ್ಕ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

"ನೋಡಯ್ಯಾ," ಅಂದರು ಬಾವ, "ಮನೇಲಿ ದಿನಾ ಕಿತ್ತಾಟ. ನಾನು ಹೋಗಲಿ ಅಂತೀನಿ, ಇವಳು ಬೇಡ ಅಂತಾಳೆ. ಕೊನೆಗೆ ತೀರ್ಮಾನ ಮಾಡಿದ್ವಿ. ಮನೆಯಲ್ಲೇ ಇಷ್ಟು ದೊಡ್ಡ ತಜ್ಞ ಇರುವಾಗ ನಾವ್ಯಾಕೆ ತಲೆ ಕೆಡಿಸ್ಕೋಬೇಕು? ನೀನು ಹೂಂ ಅಂದ್ರೆ ಹೋಗ್ತಾನೆ, ಊಹೂಂ ಅಂದ್ರೆ ಇಲ್ಲ." ಅಂದವರೇ ಜೇಬಿನಿಂದ ಒಂದು ದಪ್ಪ ಕಾಗದ ತೆಗೆದರು. ಸುತ್ತ ಬಳ್ಳಿಯ ಅಂಚು, ನಡುವೆ ಬಂಗಾರದ ಅಕ್ಷರ: 'ಮೇಲ್ಕಂಡ ಯುವಕನು ಮೇಲ್ಕಂಡ ವಾಹನವನ್ನು ನಡೆಸಲು ಸರ್ವಥಾ ಯೋಗ್ಯನೆಂದು ಈ ಮೂಲಕ ದೃಢೀಕರಿಸಲಾಗಿದೆ.' ಮೇಲೆ ಯುವಕನೂ ಇರಲಿಲ್ಲ, ವಾಹನವೂ ಇರಲಿಲ್ಲ. ಕೆಳಗೆ ನನ್ನ ಸಹಿಗೆ ಜಾಗ ಇತ್ತು. ಪ್ರೆಸ್ ಇರುವವನಿಗೆ ಪ್ರತಿಯೊಂದು ಮಾತೂ ಅಚ್ಚಾಗಲೇಬೇಕು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಕಡ್ಡಿ ನನ್ನ ಕೈಯನ್ನೇ ನೋಡುತ್ತಿದ್ದ. ಬುತ್ತಿ ತಂದಿದ್ದ ನನ್ನ ಹೆಂಡತಿ ಮೂಲೆಯಲ್ಲಿ ರೆಕ್ಸಿನ್ ಸುರುಳಿಗೆ ಒರಗಿ, ಸಿನಿಮಾ ನೋಡುವವರಂತೆ ನೋಡುತ್ತಿದ್ದಳು.

ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. "ಮೊದಲು ಸೀಟು ಹೊಲೀತೀನಿ. ಗಾಡಿ ಗುಣ ಆಮೇಲೆ ಹೇಳ್ತೀನಿ."

"ಹೊಲಿ, ಹೊಲಿ. ಒಬ್ಬ ಡಾಕ್ಟರ್ ಇಟ್ಕೊಂಡಿದ್ದ ಗಾಡಿಯಂತೆ. ಮೈ ಮೇಲೆ ಒಂದು ಗೀರಿಲ್ಲ" ಅಂದರು ಬಾವ.

ಎರಡು ದಿನ ಡ್ರೈವರ್ ಸೀಟು ಹೊಲಿದೆ. ಕೋಣದಲ್ಲಿ ಬಿದ್ದ ಕನಸುಗಳ ವೈಭವವೇ ಬೇರೆ. ಗುರುವಾರ ನಾನು ಮೋಡಗಳ ಮೇಲೆ ಹೋದೆ. ಮೋಡದ ಮೇಲೂ ಪೋಸ್ಟ್ ಮಾಸ್ಟರ್ ನಿಂತು ದಾರಿ ಕೇಳಿದರು. ಶುಕ್ರವಾರ ಸ್ಟೀರಿಂಗ್ ಎಳೆದುಕೊಳ್ಳುವ ಮೊದಲೇ ಗಾಜು ತಟ್ಟಿದ ಸದ್ದಾಯಿತು. ಈ ಸಲ ಬಂದವರು ಲೈಸೆನ್ಸ್ ಆಫೀಸಿನ ಸಾಹೇಬರು. ನನಗೆ ಜೀವ ಬಾಯಿಗೆ ಬಂತು.

ಸಾಹೇಬರು ಕೈ ಮುಗಿದರು. "ನಾಳೆ ಹೊಸದಾಗಿ ಲೈಸೆನ್ಸ್ ತಗೊಳ್ಳೋ ಹುಡುಗ ಹುಡುಗಿಯರಿಗೆ ಒಂದು ಉಪನ್ಯಾಸ ಇಟ್ಕೊಂಡಿದೀನಿ. 'ದೊಡ್ಡ ಗಾಡಿ, ಎಳೆ ಕೈ' ಅಂತ. ನಾನು ಹೇಳಿದ್ರೆ ಆಕಳಿಸ್ತಾರೆ. ನಿಮ್ಮಂಥ ಅನುಭವಸ್ಥರು ಎರಡು ಮಾತಾಡಬೇಕು. ಪೋಸ್ಟ್ ಮಾಸ್ಟರು ಎಲ್ಲಾ ಹೇಳಿದಾರೆ."

ನಾನು ಇಲ್ಲ ಅನ್ನಲು ಬಾಯಿ ತೆರೆದೆ. ಸಾಹೇಬರೊಬ್ಬರು ನನ್ನ ಮುಂದೆ ನಿಂತು, ನಾನು ಕೂತೇ ಇದ್ದದ್ದು ಜೀವನದಲ್ಲಿ ಮೊದಲ ಸಲ. "ಎಷ್ಟು ಗಂಟೆಗೆ?" ಅಂತ ಹೊರಗೆ ಬಂತು.

ಲೈಸೆನ್ಸ್ ಆಫೀಸಿನ ಉದ್ದನೆ ಕೋಣೆ. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಹಲಗೆ, ಕೆಳಗಿನ ಸಾಲು ಕಿತ್ತುಹೋಗಿ ಎಲ್ಲರೂ ಪಾಸು. ಬೆಂಚುಗಳ ಮೇಲೆ ಮೂವತ್ತು ನಲವತ್ತು ಎಳೆ ಮುಖಗಳು. ಮುಂದಿನ ಸಾಲಿನಲ್ಲಿ ಕಡ್ಡಿ, ಅವನ ಸ್ನೇಹಿತರು. ಕಡ್ಡಿಯ ಕೈಯಲ್ಲಿ ನೋಟ್ ಬುಕ್. ನನಗೆ ಕೈ ಇರುವ ಕುರ್ಚಿ ಹಾಕಿದ್ದರು.

ಸಾಹೇಬರು ಮೊದಲು ಮಾತಾಡಿದರು. "ಈ ಎತ್ತರದ ಗಾಡಿ ಕಾರಿನ ಹಾಗಲ್ಲ. ಭಾರ ಎಲ್ಲಾ ಮೇಲಿರುತ್ತೆ. ತಿರುವಿನಲ್ಲಿ ಜೋರಾಗಿ ಹೋಗಿ ಸ್ಟೀರಿಂಗ್ ಎಳೆದ್ರೆ, ಕಾರು ಜಾರುತ್ತೆ, ಇದು ಮಗುಚುತ್ತೆ. ನಾಲ್ಕು ಗಾಲಿಗೆ ಶಕ್ತಿ ಇರೋದು ಹೋಗೋಕೆ. ನಿಲ್ಲೋಕೆ ಅಲ್ಲ." ಬಂಗಾರದಂಥ ಮಾತು. ಒಬ್ಬನೂ ಕೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಎದ್ದು ನಿಂತೆ. ಫ್ಯಾನು ಗಿರಗಿರ ಅನ್ನುತ್ತಿತ್ತು. ಕಿಟಕಿಯಿಂದ ಬಿಸಿಲಿನ ಚುಕ್ಕೆಗಳು ಬಿದ್ದಿದ್ದವು. ನನಗೆ ಗೊತ್ತಿದ್ದದ್ದು ಒಂದೇ ಡ್ರೈವಿಂಗು. ಅದನ್ನೇ ಹೇಳಿದೆ.

"ಮೊದಲು ಕಣ್ಣು ಅರ್ಧ ಮುಚ್ಚಬೇಕು. ಗಾಡಿಯನ್ನ ಅವಸರ ಮಾಡಬಾರದು, ಅದಾಗಿಯೇ ಹೊರಡುತ್ತೆ. ತಿರುವು ಬಂದಾಗ ಹೆದರಬಾರದು. ಸ್ಟೀರಿಂಗನ್ನ ಹೀಗೆ, ಎದೆ ಕಡೆಗೆ ಎಳ್ಕೊಂಡ್ರೆ, ಗಾಡಿ ಸ್ವಲ್ಪ ಮೇಲೇಳುತ್ತೆ. ತಿರುವು ಕೆಳಗೆ ಉಳಿಯುತ್ತೆ."

ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಮೇಲೇಳುವಾಗ ಯಾವ ಗೇರ್?"

"ಗೇರ್ ಮುಖ್ಯ ಅಲ್ಲಮ್ಮ. ಆಸೆ ಇರಬೇಕು."

"ಆಹಾ!" ಅಂದರು ಸಾಹೇಬರು. ಹಿಂದಿನ ಬೆಂಚಿನಲ್ಲಿದ್ದ ಪೋಸ್ಟ್ ಮಾಸ್ಟರು ಚಪ್ಪಾಳೆ ಹೊಡೆದರು. ಕೋಣೆಯೆಲ್ಲ ಚಪ್ಪಾಳೆ. ಸಾಹೇಬರು ನನ್ನ ಕೈ ಹಿಡಿದು, "ವೇದಾಂತ ಸಾರ್, ವೇದಾಂತ" ಅಂದರು. ಅವರು ವೇದಾಂತ ಅಂದುಕೊಂಡರು. ಕಡ್ಡಿ ಮಾತ್ರ ಅಷ್ಟನ್ನೂ ಬರೆದುಕೊಂಡು, 'ಎದೆ ಕಡೆಗೆ' ಅನ್ನುವುದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದ. ನಾನು ಅದನ್ನು ನೋಡಿದೆ. ನೋಡಿಯೂ ಹಾರ ಹಾಕಿಸಿಕೊಳ್ಳಲು ಕತ್ತು ಬಗ್ಗಿಸಿದೆ.

ಹಾರದ ಸಮೇತ ಶೆಡ್ಡಿಗೆ ಬಂದು ಕೋಣದ ಎಡಗಡೆ ಸೀಟು ಬಿಚ್ಚಲು ಕೂತೆ.

ಮೇಲೆ ಹಾಕಿದ್ದ ಅಗ್ಗದ ಹೊದಿಕೆ ಎಳೆದೆ. ಕೆಳಗೆ ಹಳೆಯ ಕಂದು ರೆಕ್ಸಿನ್. ಬಲಗೈ ಹಿಡಿಯುವ ಅಂಚಿನಲ್ಲಿ ನಾಲ್ಕು ಉಗುರಿನ ಗುರುತು. ಮೇಲಿಂದ ಕೆಳಗೆ ಗೀರಿಕೊಂಡು ಹೋಗಿ ರೆಕ್ಸಿನ್ ಹರಿದು ಸ್ಪಂಜು ಕಾಣುತ್ತಿತ್ತು. ಬಾಗಿಲ ಮೇಲಿನ ಹಿಡಿ ಕಿತ್ತುಬಂದಿತ್ತು, ಅದನ್ನು ಅಂಟು ಹಾಕಿ ಕೂರಿಸಿದ್ದರು. ಚಾವಣಿಯ ಬಟ್ಟೆಯ ಮೇಲೆ ಬೆರಳಾಡಿಸಿದೆ. ಎಡಗಡೆ ತಲೆಯಷ್ಟು ಅಗಲ ತಗ್ಗು. ಸೀಟಿನ ಹೊಲಿಗೆ ಬಿಚ್ಚಿದಾಗ ನನ್ನ ಮಡಿಲಿಗೆ ಏನೋ ಉದುರಿತು. ಗಾಜಿನ ಹರಳುಗಳು. ಬಿಸಿಲಿನ ಚುಕ್ಕೆಯಲ್ಲಿ ಅವು ಎಷ್ಟು ಚೆನ್ನಾಗಿ ಹೊಳೆದವು ಅಂದರೆ, ಒಂದು ಕ್ಷಣ ಇದೂ ಕನಸೇ ಅಂದುಕೊಂಡೆ.

ಡಾಕ್ಟರ್ ಇಟ್ಟುಕೊಂಡಿದ್ದನಂತೆ, ಗೀರಿಲ್ಲವಂತೆ! ಈ ಗಾಡಿ ಒಂದು ಸಲ ಮಗುಚಿದೆ. ಎಡಗಡೆ ಯಾರೋ ಕೂತಿದ್ದರು. ಆಮೇಲೆ ಬಣ್ಣ ಹೊಡೆದು ಮಾರಿದ್ದಾರೆ. ಹಾರ ತೆಗೆದು ಮೊಳೆಗೆ ಹಾಕಿದೆ.

ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಗೆ ಓಡಿದೆ. ಅಲ್ಲಿ ಪೋಸ್ಟ್ ಮಾಸ್ಟರು ನನಗಿಂತ ಮೊದಲೇ ಬಂದು ಉಪನ್ಯಾಸವನ್ನು ಅಭಿನಯ ಸಮೇತ ಹೇಳುತ್ತಿದ್ದರು.

"ಬಾವ, ಆ ಗಾಡಿ ಒಂದು ಸಲ ಮಗುಚಿದೆ. ಸೀಟು ಹೇಳ್ತಿದೆ" ಅಂದೆ.

"ಮಗುಚಿರಬಹುದಯ್ಯಾ. ಓಡಿಸಿದವನಿಗೆ ನಿನ್ನ ಟೆಕ್ನಿಕ್ ಗೊತ್ತಿರಲಿಲ್ಲ" ಅಂದರು ಬಾವ.

"ಅದು ಟೆಕ್ನಿಕ್ ಅಲ್ಲ ಬಾವ, ಅದು..." ಅದು ಏನು ಅಂತ ಹೇಳುವುದು? ನಿದ್ದೆ ಅನ್ನುವುದೇ? ಪೋಸ್ಟ್ ಮಾಸ್ಟರು ನನ್ನ ಹೆಗಲು ತಟ್ಟಿ, "ವಿದ್ಯೆ ಇರೋರು ಹೀಗೇ ಅಳುಕೋದು" ಅಂದರು. ಕಡ್ಡಿ ಊಟದ ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡು ಎದೆಗೆ ಎಳೆದುಕೊಂಡು ಅಭ್ಯಾಸ ಮಾಡುತ್ತಿದ್ದ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಒಂದು ಕೆಲಸ ಮಾಡೋ" ಅಂದಳು. "ನಾಳೆ ನೀನೂ ಎಡಗಡೆ ಕೂತ್ಕೊಂಡು ಹೋಗು. ನೀನು ಪಕ್ಕದಲ್ಲಿದ್ರೆ ನನಗೆ ಧೈರ್ಯ. ಇಲ್ಲಾಂದ್ರೆ ಅವನು ಮನೆ ಬಿಟ್ಟು ಕದಲೋ ಹಾಗಿಲ್ಲ."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. "ಮಾನ ಹೋದ್ರೆ ಇನ್ನೊಂದು ಹೊಲ್ಕೋಬಹುದು ರೀ," ಅಂದಳು, "ಹುಡುಗ ಹೋದ್ರೆ ಎಲ್ಲಿಂದ ತರ್ತೀರಿ?"

ಭಾನುವಾರ ಬೆಳಿಗ್ಗೆ ಆರಕ್ಕೆ ನಾನು ಆ ಹರಿದ ಸೀಟಿನ ಮೇಲೆ ಕೂತಿದ್ದೆ. ದಾರಿಯಲ್ಲಿ ಹೇಳಿಬಿಡುವುದು ಅಂತ ನಿರ್ಧಾರ ಮಾಡಿದ್ದೆ. ಬೀದಿ ಪೂರ್ತಿ ಬಾಗಿಲಿಗೆ ಬಂದು ಕೈ ಬೀಸಿತು. ಬೀದಿ ಎದುರಿಗೆ ಹೇಗೆ ಹೇಳುವುದು, ಊರು ದಾಟಲಿ ಅಂದುಕೊಂಡೆ. ಊರು ದಾಟಿತು. ಇನ್ನೊಂದು ಸ್ವಲ್ಪ ಹೋಗಲಿ ಅಂದುಕೊಂಡೆ. ರಸ್ತೆ ಖಾಲಿ. ಎರಡೂ ಕಡೆ ಮಂಜು, ಅದರೊಳಗೆ ಮರಗಳು ಅರ್ಧರ್ಧ. ಕೋಣದ ಎತ್ತರದಿಂದ ನೋಡಿದರೆ ರಸ್ತೆ ಎಲ್ಲೋ ಕೆಳಗೆ ಹರಿಯುತ್ತಿದ್ದಂತೆ ಕಾಣುತ್ತಿತ್ತು, ವೇಗವೇ ಗೊತ್ತಾಗುತ್ತಿರಲಿಲ್ಲ. ಇಷ್ಟು ಎತ್ತರದಲ್ಲಿ ಕೂತವನಿಗೆ ತಾನು ಮೆಲ್ಲಗೆ ಹೋಗುತ್ತಿದ್ದೇನೆ ಅಂತಲೇ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿ, ಕಣ್ಣು ಎಳೆಯತೊಡಗಿತು.

"ಮಾವ," ಅಂದ ಕಡ್ಡಿ. "ತಿರುವು ಬಂತು. ಇಲ್ಲೇ ಎತ್ತಲಾ?"

ಎಚ್ಚರವಾಯಿತು. ಮುಂದೆ ರಸ್ತೆ ಎಡಕ್ಕೆ ಹೊರಳಿ ಮಂಜಿನೊಳಗೆ ಮಾಯವಾಗಿತ್ತು. ಕಡ್ಡಿಯ ಕಣ್ಣು ಅರ್ಧ ಮುಚ್ಚಿತ್ತು. ಕಾಲು ಮಾತ್ರ ಪೂರ್ತಿ ಒತ್ತಿತ್ತು.

"ಬೇಡ! ಬೇಡ ಕಣೋ!"

"ಹೆದರಬಾರದು ಅಂದ್ರಲ್ಲ ಮಾವ. ಆಸೆ ಇದ್ರೆ ಸಾಕು ಅಂದ್ರಲ್ಲ."

"ಅಯ್ಯೋ, ನನಗೆ ಗಾಡಿ ಓಡಿಸೋಕೆ ಬರಲ್ಲ ಕಣೋ! ಹುಟ್ಟಿದಾಗಿಂದ ಓಡಿಸಿಲ್ಲ! ನಾನು ಹೇಳಿದ್ದೆಲ್ಲ ಕನಸು!"

"ಏನು?" ಅಂತ ಅವನು ನನ್ನ ಕಡೆ ತಿರುಗಿದ. ರಸ್ತೆ ಅವನಿಗಾಗಿ ಕಾಯಲಿಲ್ಲ. ಮತ್ತೆ ಮುಂದೆ ನೋಡುವಷ್ಟರಲ್ಲಿ ತಿರುವು ಮೂಗಿನ ಕೆಳಗಿತ್ತು. ಅವನು ಸ್ಟೀರಿಂಗನ್ನು ಎಡಕ್ಕೆ ಕಿತ್ತು ಎಳೆದ.

ಆಗ, ದೇವರಾಣೆ, ನನ್ನ ಕಡೆಯ ಎರಡು ಗಾಲಿಗಳು ನೆಲ ಬಿಟ್ಟವು.

ಕನಸಿನಲ್ಲಿ ಆಗುತ್ತಿದ್ದದ್ದು ಹೀಗೆಯೇ. ಸದ್ದು ನಿಂತಿತು. ನನ್ನ ಸೀಟು ಮೆಲ್ಲಗೆ ಮೇಲೆದ್ದಿತು. ಕಡ್ಡಿ ಕೆಳಗೆ, ದೂರದಲ್ಲಿ, ಸಣ್ಣವನಾಗಿ ಕಂಡ; ಅವನಿಗೆ ಐದು ವರ್ಷವಾಗಿದ್ದಾಗ ಹಳೆ ಸ್ಪಂಜಿನ ಮೂಟೆಯಲ್ಲಿ ಹೂತುಕೊಂಡು ನನ್ನನ್ನು ನೋಡಿ ನಗುತ್ತಿದ್ದನಲ್ಲ, ಅಷ್ಟೇ ಸಣ್ಣವನು. ಕಿಟಕಿಯ ತುಂಬ ಆಕಾಶ. ಒಂದು ಹಕ್ಕಿ ನನ್ನ ಮಟ್ಟದಲ್ಲೇ ಹಾರಿಹೋಯಿತು. ಮರಗಳ ನೆತ್ತಿಯೂ ಕಂಡಿತು. ಹೆಂಡತಿ ಮಾತ್ರ ಏನೂ ಅನ್ನಲಿಲ್ಲ, ಯಾಕೆಂದರೆ ಇದು ಕನಸಾಗಿರಲಿಲ್ಲ. ನನ್ನ ಬಲಗೈ ಸೀಟಿನ ಅಂಚಿನಲ್ಲಿ ಏನನ್ನೋ ಹುಡುಕಿ ಹಿಡಿದುಕೊಂಡಿತು.

ಧಡ್ ಅಂತ ಗಾಲಿಗಳು ನೆಲಕ್ಕೆ ಬಿದ್ದವು. ಕೋಣ ಎರಡು ಸಲ ಎಗರಿ, ರಸ್ತೆಗೆ ಅಡ್ಡಲಾಗಿ ನಿಂತಿತು.

ಮಂಜಿನೊಳಗಿಂದ ಬೆಳಗಿನ ವಾಕಿಂಗಿಗೆ ಹೊರಟ ಒಬ್ಬ ಅಜ್ಜ ಬಂದರು. ಗಾಡಿ ನೋಡಿದರು, ನಮ್ಮನ್ನು ನೋಡಿದರು. "ಡ್ರೈವಿಂಗ್ ಕಲಿಯೋಕೆ ಬಂದಿದೀರಾ?" ಅಂದರು.

"ಹೌದು ಯಜಮಾನ್ರೇ, ಇಬ್ಬರೂ" ಅಂದೆ.

"ನಿಧಾನ" ಅಂತ ಹೇಳಿ ಅವರು ಹೋದರು. ನನ್ನ ಇಡೀ ಉಪನ್ಯಾಸಕ್ಕಿಂತ ಅದೊಂದು ಮಾತು ಉತ್ತಮವಾಗಿತ್ತು.

ಕಡ್ಡಿ ಗಾಡಿ ಆಫ್ ಮಾಡಿದ. "ಮಾವ, ಬರೀ ಅರವತ್ತರಲ್ಲಿದ್ದೆ. ಆ ಚಿಕ್ಕ ಕಾರಾಗಿದ್ರೆ ಏನೂ ಆಗ್ತಿರಲಿಲ್ಲ."

"ಇದು ಆ ಚಿಕ್ಕ ಕಾರಲ್ಲ ಕಣೋ. ಇಲ್ಲಿ ನೋಡು." ಕೈ ತೆಗೆದು ತೋರಿಸಿದೆ. ನಾಲ್ಕು ಹಳೆಯ ಗೀರು, ಅವುಗಳ ಪಕ್ಕದಲ್ಲೇ ನಾಲ್ಕು ಹೊಸವು. "ಈ ನಾಲ್ಕು ನನ್ನವು. ಈಗ ಆದವು."

"ಹಳೆಯವು?"

"ಗೊತ್ತಿಲ್ಲ. ಯಾರದೋ ಅಮ್ಮನವೋ, ಹೆಂಡತಿಯವೋ. ಒಳಗೆ ಹೊಲಿಗೆಯಲ್ಲಿ ಗಾಜಿತ್ತು. ನಿನ್ನೆ ಹಾರದ ಸಮೇತ ಕೂತು ಆರಿಸಿದೆ. ನನ್ನ ಒಣ ಜಂಬಕ್ಕೆ ನಿನ್ನ ಪ್ರಾಣ ಹೋಗ್ತಿತ್ತಲ್ಲೋ ಮಗನೇ..." ಅಲ್ಲಿಗೆ ನನಗೆ ಅಳು ಬಂತು. ಮುಚ್ಚಿಡುವುದೇನು, ಜೋರಾಗಿಯೇ ಅತ್ತೆ. ಅವನೂ ಅತ್ತ. ಕೋಣವೊಂದೇ ಗಂಭೀರವಾಗಿ ನಿಂತಿತ್ತು.

ಇಪ್ಪತ್ತರ ವೇಗದಲ್ಲಿ ವಾಪಸು ಬಂದೆವು. ವಾಕಿಂಗಿನ ಅಜ್ಜನನ್ನು ದಾಟಲು ಸುಮಾರು ಹೊತ್ತು ಬೇಕಾಯಿತು.

ಬೀದಿಯಲ್ಲಿ ಇಳಿದವನೇ, ಅಲ್ಲಿದ್ದ ಎಲ್ಲರೆದುರು ಗಟ್ಟಿಯಾಗಿ ಹೇಳಿದೆ. "ಕೇಳಿ. ನನಗೆ ಡ್ರೈವಿಂಗ್ ಬರಲ್ಲ. ಒಂದಿನವೂ ಓಡಿಸಿಲ್ಲ. ನಾನು ಸೀಟಿನ ಮೇಲೆ ಕೂತು ನಿದ್ದೆ ಮಾಡ್ತಿದ್ದೆ."

ಪೋಸ್ಟ್ ಮಾಸ್ಟರು ಕಣ್ಣೊರೆಸಿಕೊಂಡರು. "ನೋಡಿ, ಎಂಥಾ ವಿನಯ! ತುಂಬಿದ ಕೊಡ ತುಳುಕೋದಿಲ್ಲ."

"ಖಾಲಿ ಕೊಡ ಸ್ವಾಮಿ ಇದು! ಸ್ಟೀರಿಂಗ್ ಎಳೆದ್ರೆ ಗಾಡಿ ಮೇಲೇಳುತ್ತೆ ಅಂದಿದ್ದು ಸುಳ್ಳು!"

"ಇಲ್ಲ, ಎದ್ದಿತು" ಅಂದ ಕಡ್ಡಿ, ಪ್ರಾಮಾಣಿಕ ಹುಡುಗ. ಬೀದಿಗೆ ಇನ್ನೇನು ಬೇಕು? ನನ್ನ ಕೀರ್ತಿ ಇಮ್ಮಡಿಯಾಯಿತು. ನಾನು ತಲೆ ಚಚ್ಚಿಕೊಂಡು, ಮಾರನೆಯ ದಿನ ಲೈಸೆನ್ಸ್ ಆಫೀಸಿಗೆ ಹೋದೆ. ಸಾಹೇಬರಿಗೆ ಆ ಗಾಜಿನ ಹರಳುಗಳನ್ನು ಒಂದು ಪೊಟ್ಟಣದಲ್ಲಿ ಕೊಟ್ಟು, "ಮುಂದಿನ ಉಪನ್ಯಾಸದಲ್ಲಿ ಏನೂ ಹೇಳಬೇಡಿ, ಇದನ್ನ ಬೆಂಚಿಂದ ಬೆಂಚಿಗೆ ದಾಟಿಸಿ" ಅಂದೆ. ಅವರು ಹಾಗೇ ಮಾಡಿದರಂತೆ. ಯಾರೂ ಆಕಳಿಸಲಿಲ್ಲವಂತೆ.

ಆ ಭಾನುವಾರ ನಂಬಿದವಳು ಅಕ್ಕ ಒಬ್ಬಳೇ. ನಂಬಿದಳು ಅನ್ನುವುದೂ ತಪ್ಪು. "ನನಗೆ ಗೊತ್ತಿತ್ತು ಕಣೋ" ಅಂದಳು, ನನ್ನ ಮುಂದೆ ನೀರಿನ ಲೋಟ ಇಡುತ್ತಾ. "ಸೈಕಲ್ ಮೇಲೂ ನೀನು ಕಾಲು ಎಳ್ಕೊಂಡೇ ಹೋಗ್ತಿದ್ದೆ. ನಿನಗೆ ಬೆಟ್ಟ ಹತ್ತಿಸೋಕೆ ಬರುತ್ತಾ?"

"ಮತ್ತೆ ಯಾಕೆ ನನ್ನನ್ನ ಅವನ ಪಕ್ಕದಲ್ಲಿ ಕೂರಿಸಿದೆ?"

"ನಿನ್ನಷ್ಟು ಪುಕ್ಕಲ ಈ ಊರಲ್ಲಿ ಇನ್ನೊಬ್ಬ ಇಲ್ಲ. ಹೆದರೋನು ಪಕ್ಕದಲ್ಲಿದ್ರೆ ಹುಡುಗ ಹದವಾಗಿ ಹೋಗ್ತಾನೆ ಅಂದ್ಕೊಂಡೆ." ಅಷ್ಟು ಹೇಳಿ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಡ್ಡಿ ಹೋಗಿ ಅವಳ ಕಾಲ ಬಳಿ ಕೂತ.

ಬಾವ ಬಂಗಾರದ ಅಕ್ಷರದ ಕಾಗದ ಹಿಡಿದುಕೊಂಡು ನಿಂತೇ ಇದ್ದರು. "ಹಾಗಾದ್ರೆ ಸಹಿ?"

"ಈಗಲ್ಲ ಬಾವ. ಸೀಟು ಹೂಂ ಅಂದ ದಿವಸ ಹಾಕ್ತೀನಿ" ಅಂದೆ.

ಉಳಿದ ಸೀಟುಗಳಿಗೆಲ್ಲ ಹೊಸ ಕವರ್ ಹೊಲಿದೆ. ಎಡಗಡೆಯದಕ್ಕೆ ಟೇಪು ಹಿಡಿದಾಗ ಕಡ್ಡಿ ತಡೆದ. "ಅಂಚು ಹಾಗೇ ಇರಲಿ ಮಾವ. ಸ್ಪೀಡ್ ಮೀಟರ್ ಮುಂದೆ ಇರುತ್ತೆ, ಅದನ್ನ ನೋಡೋಕೆ ಮರೆತುಹೋಗುತ್ತೆ. ಇದು ಪಕ್ಕದಲ್ಲಿರುತ್ತೆ." ಹಾಗೇ ಬಿಟ್ಟೆ. ಗಾಡಿಯನ್ನು ತುಂಬ ಎತ್ತರ ಮಾಡಿದ್ದ ಆ ದೊಡ್ಡ ಗಾಲಿಗಳನ್ನು ಗ್ಯಾರೇಜಿನವರು ಬದಲಾಯಿಸಿದರು. ಸಾಹೇಬರು ಗೊತ್ತುಮಾಡಿಕೊಟ್ಟ ಒಬ್ಬ ಹೆಂಗಸು ಕಡ್ಡಿಗೆ ಮತ್ತೆ ಮೊದಲಿನಿಂದ ಕಲಿಸಿದಳು. ಇಪ್ಪತ್ತು ವರ್ಷ ಕಾಡಿನ ದಾರಿಯಲ್ಲಿ ಆಂಬುಲೆನ್ಸ್ ಓಡಿಸಿದವಳು. ಅವಳ ಬಾಯಲ್ಲಿ ಇದ್ದದ್ದು ಆ ಅಜ್ಜನ ಒಂದೇ ಮಾತು.

ಪ್ರತಿ ಶನಿವಾರ ಕಡ್ಡಿ ಅಕ್ಕನನ್ನು ಎಡಗಡೆ ಕೂರಿಸಿಕೊಂಡು ಕೋಣವನ್ನು ನನ್ನ ಶೆಡ್ಡಿಗೆ ತರುತ್ತಿದ್ದ. ನಾನು ಕನ್ನಡಕ ಹಾಕಿಕೊಂಡು ಎಡಗಡೆ ಸೀಟು ಓದುತ್ತಿದ್ದೆ. ಮೊದಲ ತಿಂಗಳು, ಅಂಚಿನಲ್ಲಿ ಅಕ್ಕನ ಬೆರಳಿನ ಬೆವರು. ಎರಡನೆಯ ತಿಂಗಳು, ಅಂಚು ಒಣಗಿತ್ತು, ಮ್ಯಾಟು ಮಾತ್ರ ಇನ್ನೂ ಸವೆಯುತ್ತಿತ್ತು. ಮೂರನೆಯ ತಿಂಗಳು, ಸೀಟಿನ ಸಂದಿಯಲ್ಲಿ ಕಡಲೆಕಾಯಿ ಸಿಪ್ಪೆ ಸಿಕ್ಕಿತು; ಎರಡೂ ಕೈ ಬಿಡುವಾಗಿವೆ ಅಂತ ಲೆಕ್ಕ. ಬಾವ ಆಗಲೇ ಪೆನ್ನು ತೆಗೆದರು. ನಾನು ತಲೆಯಾಡಿಸಿದೆ.

ಐದನೆಯ ತಿಂಗಳ ಒಂದು ಮಧ್ಯಾಹ್ನ ಕೋಣ ಬಂದು ನಿಂತ ಸದ್ದೇ ನನಗೆ ಕೇಳಿಸಲಿಲ್ಲ. ಹೋಗಿ ಎಡಗಡೆ ಬಾಗಿಲು ತೆಗೆದೆ. ಅಕ್ಕ ತಲೆದಿಂಬಿಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಕೈಗಳು ಮಡಿಲಲ್ಲಿ ಅಂಗಾತ. ಬೆಟ್ಟದಾಚೆಯ ಊರಿಂದ ಬರುತ್ತಿದ್ದರು, ನಲವತ್ತು ತಿರುವಿನ ದಾರಿ. ಕಡ್ಡಿ ತುಟಿಯ ಮೇಲೆ ಬೆರಳಿಟ್ಟು, ಶ್ ಅಂದ.

ತಗಡಿನ ತೂತಿನ ಬಿಸಿಲ ಚುಕ್ಕೆಗಳು ಅವಳ ಮುಖದ ಮೇಲೆ ಹರಿಯುತ್ತಿದ್ದವು. ಅವಳಾಗಿಯೇ ಕಣ್ಣು ಬಿಟ್ಟು ತಲೆ ಎತ್ತಿದಾಗ ನೋಡಿದೆ: ತಲೆದಿಂಬಿನ ಮೇಲೆ ದುಂಡಗೆ, ನುಣುಪಾಗಿ, ತಲೆ ಎಣ್ಣೆಯ ಒಂದು ಕಲೆ.

ಮೆಷಿನ್ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ.

"ಕನಸು ಬಿದ್ದಿತ್ತಾ ಅಕ್ಕ?" ಅಂದೆ.

"ಹೂಂ ಕಣೋ. ಗಾಡಿ ಮೇಲೆ ಮೇಲೆ ಹೋಗ್ತಿತ್ತು. ಕೆಳಗೆ ಯಾರದೋ ಮಾಳಿಗೆ ಮೇಲೆ ಬಿಳಿ ಸೀರೆ ಒಣಗ್ತಿತ್ತು."

"ಆಮೇಲೆ?"

"ಆಮೇಲೇನು, ಸಾಕು ಇಳಿಸೋ ಅಂದೆ," ಅಂದಳು ಅಕ್ಕ, ಕೂದಲು ಸರಿಮಾಡಿಕೊಳ್ಳುತ್ತಾ. "ಇಳಿಸಿದ."